ಗಾಜಿನೊಳಗಿನ ಕಡಲು, ಗಾಜಿನಾಚೆಯ ಲೆಕ್ಕ

ಕಲಬುರಗಿ ಜಿಲ್ಲೆಯ ತೆಂಗಳಿಗೆ ಪಡುವಣ ಕಡಲೂ ದೂರ, ಮೂಡಣ ಕಡಲೂ ದೂರ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ, ತೊಗರಿ ಬೆಳೆಯುವ ಎರೆಭೂಮಿಯ ಸೀಮೆ ಅದು. ಆದರೂ ಅಲ್ಲಿನ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಒಂದು ಕಾಲದ ಕಡಲ ತಳವೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಅಡಿಯಲ್ಲಿ ಹಬ್ಬಿರುವ ಸುಣ್ಣಗಲ್ಲಿನ ಪದರಗಳು, ಹವಳವೆಂಬ ಪ್ರಾಣಿ ಭೂಮಿಯಲ್ಲಿ ಹುಟ್ಟುವುದಕ್ಕೂ ಮುಂಚೆ ಇದ್ದ ಆಳವಿಲ್ಲದ ಕಡಲಿನಲ್ಲಿ ಕೆಸರಾಗಿ ತಂಗಿ ಗಟ್ಟಿಯಾದಂಥವು. ನಗರಗಳ ಮನೆಗಳಲ್ಲಿ ಈಗ ಬೆಳೆಯುತ್ತಿರುವ ಹವಳದ ಅಕ್ವೇರಿಯಂ ಎಂಬ ಹವ್ಯಾಸದ ವಿಚಾರವನ್ನು ಈ ಕಲ್ಲಿನಿಂದಲೇ ಆರಂಭಿಸುವುದು ಸರಿ. ಏಕೆಂದರೆ ಹವಳದ ಅಳಿವು ಉಳಿವು ಗಾಜಿನ ಪೆಟ್ಟಿಗೆಯಲ್ಲಿ ತೀರ್ಮಾನವಾಗುವುದಿಲ್ಲ. ಇಂಥ ಕಲ್ಲನ್ನು ಸುಡುವ ಗೂಡುಗಳಲ್ಲಿ, ಬೆಟ್ಟದ ಇಳಿಜಾರುಗಳಲ್ಲಿ, ಹೊಲಕ್ಕೆ ಸುರಿಯುವ ಗೊಬ್ಬರದಲ್ಲಿ ತೀರ್ಮಾನವಾಗುತ್ತದೆ.

ಈ ಹವ್ಯಾಸದ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಸಾಕುವವರು, ತಾವು ಕಡಲಿನ ಒಂದು ಚೂರನ್ನು ಉಳಿಸುತ್ತಿದ್ದೇವೆ ಎನ್ನುತ್ತಾರೆ. ಪರಿಸರದ ಬಗ್ಗೆ ಮಾತನಾಡುವವರು, ಇದು ಸಿರಿವಂತರ ಆಟಿಕೆ, ಹಳ್ಳಿಗರಿಗೆ ಇದರಿಂದ ಆಗಬೇಕಾದುದೇನೂ ಇಲ್ಲ ಎನ್ನುತ್ತಾರೆ. ಮೊದಲನೆಯ ಮಾತು ಭ್ರಮೆ. ಎರಡನೆಯದು ಸೋಮಾರಿತನ.

ಇನ್ನೂರು ಲೀಟರಿನ ಲೆಕ್ಕ

ತೆಂಗಳಿಯಂಥ ಊರಿನಲ್ಲಿ 200 ಲೀಟರಿನ ಹವಳದ ಪೆಟ್ಟಿಗೆಯೊಂದನ್ನು ಜೀವಂತವಾಗಿಡಲು ಏನೇನು ಬೇಕು? ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದ್ದರಿಂದ ಪೆಟ್ಟಿಗೆ ತುಂಬಲು 7 ಕಿಲೋ ವಿಶೇಷ ಉಪ್ಪು ಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಕಡಲಿನ ಪ್ರಮಾಣದಲ್ಲೇ ಬೆರೆತಿರಬೇಕು. ಸುಣ್ಣಗಲ್ಲಿನ ಸೀಮೆಯ ಕೊಳವೆಬಾವಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ ಆ ನೀರನ್ನು ನೇರವಾಗಿ ಬಳಸುವಂತಿಲ್ಲ. ಅದರೊಡನೆ ನೈಟ್ರೇಟ್ ಬರುತ್ತದೆ, ತಾಮ್ರದಂಥ ಲೋಹ ಬಂದರಂತೂ ಹವಳ, ಸೀಗಡಿಗಳಿಗೆ ವಿಷ. ಹಾಗಾಗಿ ನೀರನ್ನು ಶುದ್ಧೀಕರಣ ಯಂತ್ರದ ಮೂಲಕ ಹಾಯಿಸಬೇಕು. ಒಂದು ಲೀಟರ್ ಶುದ್ಧ ನೀರಿಗಾಗಿ ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡಬೇಕು. ಬೇಸಿಗೆಯ ನೀರಿಗಾಗಿ ಕೊಡ ಹಿಡಿದು ಸಾಲು ನಿಲ್ಲುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಹವಳಕ್ಕೆ ಬೇಕಾದ ಉಷ್ಣಾಂಶ 24ರಿಂದ 27 ಡಿಗ್ರಿ. ಹೊರಗೆ 42 ಇದ್ದಾಗ ಹಗಲಿರುಳು ನೀರನ್ನು ತಂಪುಗೊಳಿಸುತ್ತಲೇ ಇರಬೇಕು. ಕೆಲವು ಗಂಟೆ ವಿದ್ಯುತ್ ಹೋದರೆ ನೀರಿನ ಚಲನೆ ನಿಂತು, ಆಮ್ಲಜನಕ ಇಳಿದು, ವರ್ಷಗಟ್ಟಲೆ ಬೆಳೆಸಿದ್ದು ಒಂದೇ ರಾತ್ರಿಯಲ್ಲಿ ಸಾಯಬಹುದು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸುವುದು ವಾಡಿಕೆ. ಅಂದರೆ ವರ್ಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಉಪ್ಪುನೀರು ಮನೆಯಿಂದ ಹೊರಬೀಳುತ್ತದೆ. ಅದರಲ್ಲಿ 36 ಕಿಲೋ ಉಪ್ಪಿರುತ್ತದೆ. ಅದನ್ನು ಹಿತ್ತಲಿಗೆ ಸುರಿದರೆ ಎರೆಮಣ್ಣು ಸವಳಾಗುತ್ತದೆ. ಸವಳು ಹತ್ತಿದ ನೆಲ ಮತ್ತೆ ಹದಕ್ಕೆ ಬರಲು ಎಷ್ಟು ಕಾಲ ಬೇಕೆಂಬುದನ್ನು ಕಾಲುವೆ ನೀರಾವರಿಯ ಸೀಮೆಯ ರೈತರನ್ನು ಕೇಳಿದರೆ ಹೇಳುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಸಾಕುವವನಿಗೆ ನೆಮ್ಮದಿಯಿಲ್ಲ. ಮೀನಿನ ಮಲದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಹಿಡಿಯುವ ದಾರಿಯೂ ಇದೇ. ಪೆಟ್ಟಿಗೆಯಲ್ಲಿ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಮೀರಿತೆಂದರೆ ಅನೇಕ ಹವ್ಯಾಸಿಗಳಿಗೆ ನಿದ್ದೆ ಬಾರದು. ಕ್ಯಾಲ್ಸಿಯಂ 400ರ ಕೆಳಗೆ ಇಳಿದರೆ ಹವಳದ ಅಸ್ಥಿ ಬೆಳೆಯುವುದು ಕುಂಠಿತವಾಗುತ್ತದೆ. ಆಗ ರಾತ್ರಿಯ ವೇಳೆ ಹನಿಹನಿಯಾಗಿ ಸುಣ್ಣದ ತಿಳಿನೀರನ್ನು ಸೇರಿಸುತ್ತಾರೆ. ಎಲೆಯಡಿಕೆಗೆ ಹಚ್ಚುವ ಸುಣ್ಣದ ಜಾತಿಯದೇ ಅದು. ಪ್ರತಿ ವಾರ ಅಳೆಯುವುದು, ಬರೆದಿಡುವುದು, ಹಿಂದಿನ ವಾರದ ಅಂಕಿಯೊಡನೆ ಹೋಲಿಸುವುದು ಅವರ ನಿತ್ಯವಿಧಿ.

ಹೆಪ್ಪು ಕೊಡುವ ಸ್ನೇಹಿತರು

ಈ ಕೆಲಸವನ್ನು ಯಾರೂ ಒಬ್ಬಂಟಿಯಾಗಿ ಮಾಡಲಾರರು. ಹೊಸಬ ಪೆಟ್ಟಿಗೆ ಇಟ್ಟಾಗ ಹಳಬನೊಬ್ಬ ತನ್ನ ತೊಟ್ಟಿಯಲ್ಲಿ ಪಳಗಿದ ಕಲ್ಲನ್ನೋ ಹಿಡಿ ಮರಳನ್ನೋ ಕೊಡುತ್ತಾನೆ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರೊಡನೆ ಹೋಗುತ್ತದೆ. ಮೊಸರಿಗೆ ನೆರೆಮನೆಯಿಂದ ಹೆಪ್ಪು ತಂದಂತೆ. ಹವಳ ಬೆಳೆದಾಗ ತುಂಡು ಮುರಿದು ಇನ್ನೊಬ್ಬನಿಗೆ ಕೊಡುತ್ತಾರೆ; ಕೊಟ್ಟವನ ಪೆಟ್ಟಿಗೆ ಹಾಳಾದರೆ ಅದೇ ಹವಳದ ಕವಲು ಅವನಿಗೆ ಮರಳಿ ಬರುತ್ತದೆ. ವಿದ್ಯುತ್ ಹೋದ ರಾತ್ರಿ ಬ್ಯಾಟರಿ ಪಂಪು ಹಿಡಿದು ಬರುವವನೂ ಇಂಥ ಸ್ನೇಹಿತನೇ. ಎಲ್ಲಕ್ಕಿಂತ ಮುಖ್ಯವಾಗಿ, ಸೋತದ್ದನ್ನು ಅವರು ಮುಚ್ಚಿಡುವುದಿಲ್ಲ. ಯಾವ ದಿನ ಏನು ಹಾಕಿದೆ, ಯಾವ ಅಂಕಿ ಏರಿತು, ಯಾವುದು ಮೊದಲು ಸತ್ತಿತು ಎಂಬುದನ್ನು ಹತ್ತು ಜನರ ಮುಂದೆ ಹೇಳಿ, ಇನ್ನೊಬ್ಬನ ಪೆಟ್ಟಿಗೆ ಉಳಿಯುವಂತೆ ಮಾಡುತ್ತಾರೆ.

ಗಾಜಿನ ಪೆಟ್ಟಿಗೆ ಕಲಿಸುವ ಪಾಠ ಒಂದೇ: ಒಳಗೆ ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ, ಎಲ್ಲಕ್ಕೂ ಲೆಕ್ಕ ಕೊಡಬೇಕು. ಬೀಜ ಹಂಚಿಕೊಳ್ಳುವ, ಕೆರೆಯ ಹೂಳನ್ನು ಕೂಡಿ ತೆಗೆಯುವ ಹಳ್ಳಿಗಳಿಗೆ ಈ ನಡತೆ ಹೊಸದೇನಲ್ಲ. ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು.

ಉಳಿಸುತ್ತೇವೆಂಬ ಭ್ರಮೆ

ಆದರೆ ಇದರಿಂದ ಕಡಲು ಉಳಿಯುತ್ತದೆಯೇ? ಮನೆಯ ಪೆಟ್ಟಿಗೆಯಲ್ಲಿರುವ ಹೆಚ್ಚಿನ ಕಡಲಮೀನುಗಳು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಮೀನಿಗೆ ಮಂಪರು ಬರಿಸಲು ಸಯನೈಡ್ ಚಿಮುಕಿಸುವ ಪದ್ಧತಿ ದಶಕಗಳಿಂದ ಕುಖ್ಯಾತವಾಗಿದೆ. ಮೀನಿನ ಜೊತೆ ಹವಳವೂ ಸಾಯುತ್ತದೆ. ಭಾರತದಲ್ಲಿ ಬಂಡೆ ಕಟ್ಟುವ ಎಲ್ಲ ಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಕಾನೂನು ಮುರಿದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸದ ಶಿಕ್ಷೆಯೂ ಇದೆ. ಹುಲಿಮರಿಯೊಂದನ್ನು ಪಡಸಾಲೆಯಲ್ಲಿ ಕಟ್ಟಿ, ಕಾಡು ಉಳಿಸುತ್ತಿದ್ದೇನೆ ಎನ್ನುವವನನ್ನು ಮಲೆನಾಡಿನ ಜನ ಏನೆಂದು ಕರೆದಾರು?

ಸಾಕಣೆಯಲ್ಲೇ ಹುಟ್ಟಿದ ಜೀವಿಗಳ ಮಾತು ಬೇರೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿಮಾಡಿಸುವ ವಿಧಾನವನ್ನು ರೂಪಿಸಿ ಬಹುಕಾಲವಾಯಿತು. ಕಡಲಿನಿಂದ ಒಂದನ್ನೂ ಹಿಡಿಯದೆ ಈ ಹವ್ಯಾಸ ನಡೆಸುವ ದಾರಿ ಅದು. ಹಾಗಿದ್ದೂ ಕಾಡಹವಳವನ್ನೂ ಕಾಡಮೀನನ್ನೂ ಕೊಳ್ಳುವವನು ಸಂರಕ್ಷಕನಲ್ಲ, ಗಿರಾಕಿ.

ಸುಟ್ಟ ಕಡಲು, ಬಿಳಿಚಿದ ಹವಳ

ಹವಳಕ್ಕೂ ಸುಣ್ಣದ ಗೂಡಿಗೂ ಹಳೆಯ ವೈರವಿದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳವನ್ನೇ ದಶಕಗಟ್ಟಲೆ ಅಗೆದರು. ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಡಿ ಮುಳುಗಿಹೋದದ್ದಕ್ಕೆ ಈ ಅಗೆತವೇ ಮುಖ್ಯ ಕಾರಣ. 2001ರ ಕಾನೂನು ಬಂದ ಮೇಲೆ, 2004ರ ಸುನಾಮಿಯಲ್ಲಿ ಹವಳದ ದಿಬ್ಬಗಳ ಬೆಲೆ ತಿಳಿದ ಮೇಲೆ, 2005ರ ಹೊತ್ತಿಗೆ ಆ ಅಗೆತ ನಿಂತಿತು.

ಇಂದು ಹವಳವನ್ನು ಸುಡಬೇಕಾಗಿಯೇ ಇಲ್ಲ. ಒಳನಾಡಿನ ಸುಣ್ಣಗಲ್ಲನ್ನು ಸುಟ್ಟರೆ ಸಾಕು. ಒಂದು ಟನ್ ಶುದ್ಧ ಸುಣ್ಣಗಲ್ಲು ಗೂಡಿನಲ್ಲಿ ಕಾದಾಗ ಆ ಕಲ್ಲಿನಿಂದಲೇ 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಶಾಲೆಯ ರಸಾಯನಶಾಸ್ತ್ರದ ಪುಸ್ತಕ ಹಿಡಿದ ಯಾವ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಿ ನೋಡಬಹುದು. ಸೇಡಂ, ವಾಡಿಗಳ ಸಿಮೆಂಟು ಕಾರ್ಖಾನೆಗಳು ಹಗಲಿರುಳು ಮಾಡುತ್ತಿರುವುದು ಇದನ್ನೇ: ಆದಿಕಾಲದ ಕಡಲು ಕಲ್ಲಿನಲ್ಲಿ ಬಚ್ಚಿಟ್ಟ ಇಂಗಾಲವನ್ನು ಗಾಳಿಗೆ ಬಿಡುವುದು. ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರುತ್ತದೆ, ಹೀರಿ ತನ್ನ ಕ್ಷಾರಗುಣವನ್ನು ಕಳೆದುಕೊಳ್ಳುತ್ತದೆ. ಕೈಗಾರಿಕಾ ಯುಗದ ಆರಂಭಕ್ಕೆ ಹೋಲಿಸಿದರೆ ಕಡಲಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಮನೆಯ ಪೆಟ್ಟಿಗೆಯಲ್ಲಿ ಪಿಎಚ್ ಇಳಿದರೆ ಸುಣ್ಣದ ತಿಳಿನೀರು ಸುರಿಯಬಹುದು. ಅರಬ್ಬೀ ಸಮುದ್ರಕ್ಕೆ ಸುರಿಯುವವರು ಯಾರು?

ಜೊತೆಗೆ ಬಿಸಿ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಅನ್ನದಾತ. ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡು ಹಸಿವಿನಿಂದ ಸಾಯತೊಡಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿಕೊಂಡವು. 2023ರಲ್ಲಿ ಆರಂಭವಾದ ಜಾಗತಿಕ ಬಿಳಿಚುವಿಕೆ ದಾಖಲೆಯಲ್ಲಿ ನಾಲ್ಕನೆಯದು; ಜಗತ್ತಿನ ಹವಳ ಪ್ರದೇಶದಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗಕ್ಕೆ ಅದರ ಬಿಸಿ ತಟ್ಟಿತು. ಪೆಟ್ಟಿಗೆಯನ್ನು ತಂಪಾಗಿಡಲು ಉರಿಸುವ ಕಲ್ಲಿದ್ದಲಿನ ವಿದ್ಯುತ್ತೂ ಈ ಬಿಸಿಗೆ ಒಂದು ಸೌದೆ ಎಂಬುದನ್ನು ಹವ್ಯಾಸಿಗಳು ಮರೆಯಬಾರದು.

ಬೆಟ್ಟದ ಕೆಳಗಿನ ಕಡಲು

ಗುಡ್ಡದ ಊರುಗಳಿಗೆ ಇದರಲ್ಲೇನು ಪಾಲು ಎಂದು ಕೇಳುವವರಿದ್ದಾರೆ. ಚಿಂಚೋಳಿಯ ಗುಡ್ಡಗಳಿಗೆ ಬಿದ್ದ ಮಳೆ ಮುಲ್ಲಾಮಾರಿಯಾಗಿ, ಕಾಗಿಣೆಯಾಗಿ, ಭೀಮೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಸಹ್ಯಾದ್ರಿಯ ಪಡುವಣ ಇಳಿಜಾರಿನ ಮಳೆ ಶರಾವತಿಯಾಗಿ, ಅಘನಾಶಿನಿಯಾಗಿ ಒಂದೆರಡು ದಿನಗಳಲ್ಲೇ ಅರಬ್ಬೀ ಸಮುದ್ರಕ್ಕಿಳಿಯುತ್ತದೆ. ಮುರ್ಡೇಶ್ವರದ ಕರೆಯಿಂದ ಸುಮಾರು 20 ಕಿಲೋಮೀಟರ್ ಆಚೆ ನೇತ್ರಾಣಿ ದ್ವೀಪವಿದೆ, ಅದರ ಸುತ್ತ ಹವಳವಿದೆ. ಕರ್ನಾಟಕದ ಕಡಲಿಗೆ ಸ್ವಂತದ್ದಾದ ಹವಳ ಅದು. ಹವಳದ ಎರಡು ದೊಡ್ಡ ಶತ್ರುಗಳು ಹೂಳು ಮತ್ತು ಗೊಬ್ಬರದ ಸಾರ. ಹೂಳು ಬೆಳಕನ್ನು ಮರೆಮಾಡಿ ಉಸಿರು ಕಟ್ಟಿಸುತ್ತದೆ. ಸಾರಜನಕ, ರಂಜಕಗಳು ಹವಳದ ಮೇಲೆ ಪಾಚಿಯನ್ನು ಬೆಳೆಸುತ್ತವೆ. ಗುಡ್ಡ ಕಡಿದು ರಸ್ತೆ ಅಗಲ ಮಾಡುವವರೂ, ಕಾಡು ಬೋಳಿಸಿ ಇಳಿಜಾರಿನಲ್ಲಿ ಶುಂಠಿಗೆ ಏರಿ ಹಾಕುವವರೂ, ಮಳೆಯ ಮುನ್ನಾದಿನ ಯೂರಿಯಾ ಚೆಲ್ಲುವವರೂ ಒಂದು ದೊಡ್ಡ ಅಕ್ವೇರಿಯಂಗೆ ಕೈಹಾಕುತ್ತಿದ್ದಾರೆ. ಅವರ ಕೈಯಲ್ಲಿ ಮಾತ್ರ ಅಳೆಯುವ ಕಿಟ್ ಇಲ್ಲ, ಬರೆದಿಡುವ ಪುಸ್ತಕವಿಲ್ಲ.

ಇಲ್ಲಿ ಒಂದು ನಾಚಿಕೆಗೇಡಿನ ಹೋಲಿಕೆಯನ್ನು ಮಾಡಲೇಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನಗರದ ಮನೆಯೊಂದರ ಹವಳಕ್ಕೆ ಹತ್ತರ ಗಡಿ. ಪ್ರತಿ ವಾರ ಪರೀಕ್ಷೆ. ಹಳ್ಳಿಯ ಕೂಸು ಕುಡಿಯುವ ನೀರಿಗೆ ನಲವತ್ತೈದರ ಗಡಿ. ಅದನ್ನಾದರೂ ಅಳೆಯುವವರು ಯಾರು, ಅಳೆದದ್ದನ್ನು ತಾಯಿಗೆ ಹೇಳುವವರು ಯಾರು? 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಕಿಟ್ ಕಪಾಟಿನಲ್ಲಿ ಧೂಳು ತಿನ್ನುವುದಾದರೆ, ಅಂಕಿ ಕಡತದಲ್ಲೇ ಉಳಿಯುವುದಾದರೆ ಅದೆಂಥ ಪರೀಕ್ಷೆ?

ಆದ್ದರಿಂದ ಕೇಳಬೇಕಾದ ಹಕ್ಕೊತ್ತಾಯಗಳು ಸ್ಪಷ್ಟವಾಗಿವೆ. ಹವ್ಯಾಸಿಗಳು ಕಡಲಿನಿಂದ ಕಿತ್ತ ಹವಳವನ್ನೂ ಹಿಡಿದ ಮೀನನ್ನೂ ಕೊಳ್ಳುವುದನ್ನು ನಿಲ್ಲಿಸಲಿ. ಸಾಕಣೆಯಲ್ಲಿ ಹುಟ್ಟಿದ, ಕಾಗದಪತ್ರ ಸರಿಯಿರುವ ಜೀವಿಗಳು ಸಿಕ್ಕದಿದ್ದರೆ ಪೆಟ್ಟಿಗೆ ಖಾಲಿಯೇ ಇರಲಿ. ನೀರು ಅಳೆಯುವ ಅವರ ಕೈಚಳಕ ಪಡಸಾಲೆಗೆ ಸೀಮಿತವಾಗದೆ ಹತ್ತಿರದ ಶಾಲೆಗೆ, ಹಳ್ಳಕ್ಕೆ ಬರಲಿ. ಸ್ನೇಹಿತನ ಪೆಟ್ಟಿಗೆಗೆ ಕೊಡುವ ಒಂದು ಭಾನುವಾರವನ್ನು ಊರಿನ ಬಾವಿಗೂ ಕೊಡಲಿ. ಸುಣ್ಣಗಲ್ಲನ್ನು ಸುಡುವ ಕಾರ್ಖಾನೆಗಳು ತಾವು ಗಾಳಿಗೆ, ನೀರಿಗೆ ಬಿಡುವುದರ ಅಂಕಿಗಳನ್ನು ಸುತ್ತಲಿನ ಪ್ರತಿ ಹಳ್ಳಿಯ ಚಾವಡಿಯಲ್ಲಿ ಕನ್ನಡದಲ್ಲಿ ಬರೆಸಲಿ. ಗ್ರಾಮ ಪಂಚಾಯಿತಿಗಳು ಬಾವಿಯ, ಹಳ್ಳದ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ನೈಟ್ರೇಟ್ ಎಷ್ಟು, ಮಳೆಗಾಲದಲ್ಲಿ ಕದಡು ಎಷ್ಟು ಎಂಬುದನ್ನು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ. ಹೈಸ್ಕೂಲು, ಕಾಲೇಜುಗಳ ವಿದ್ಯಾರ್ಥಿಗಳು ಆ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿ ಇಳಿಸಿಕೊಂಡು, ಏರಿದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಿ.

ಇದಕ್ಕೆ ದುಡ್ಡಿಲ್ಲ, ತಂತ್ರಜ್ಞಾನವಿಲ್ಲ ಎಂಬ ನೆಪವನ್ನು ಯಾರೂ ಒಪ್ಪಬೇಕಾಗಿಲ್ಲ. ಯಾವ ಪದವಿಯೂ ಬೇಡ, ಯಾವ ಪ್ರಯೋಗಾಲಯವೂ ಬೇಡ ಎಂಬುದನ್ನು ಹವ್ಯಾಸಿಗಳು ತಮ್ಮ ಮನೆಗಳಲ್ಲೇ ತೋರಿಸಿದ್ದಾರೆ. ಇನ್ನೂರು ಲೀಟರಿಗೆ ಸಾಧ್ಯವಾದ ಪ್ರಾಮಾಣಿಕತೆ ಕಾಗಿಣೆಗೂ ಶರಾವತಿಗೂ ಸಾಧ್ಯವಾಗಬೇಕು. ಮುಂದಿನ ಗ್ರಾಮಸಭೆಯ ನೋಟೀಸು ಬಂದಾಗ ಈ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿ: ಕಳೆದ ತಿಂಗಳು ನಮ್ಮೂರ ನೀರನ್ನು ಅಳೆದವರು ಯಾರು, ಬಂದ ಅಂಕಿ ಎಷ್ಟು?