ನಮ್ಮ ಮಾತಿಗೆ ನಕ್ಷತ್ರ ಹಾಕಿದವರಾರು?

ನಮ್ಮ ಸಂಘಗಳ ವಾರ್ಷಿಕೋತ್ಸವದ ವೇದಿಕೆಯಲ್ಲಿ ತಪ್ಪದೆ ಕೇಳಿಬರುವ ಗೋಳೊಂದಿದೆ. ಹೊರನಾಡಿನಲ್ಲಿ ಕನ್ನಡ ಕೆಟ್ಟುಹೋಯಿತು, ಮಕ್ಕಳ ಬಾಯಲ್ಲಿ ಅದು ಮರಾಠಿ, ಹಿಂದಿ, ಇಂಗ್ಲಿಷುಗಳ ಕಲಸುಮೇಲೋಗರವಾಯಿತು ಎಂದು ಊರಿನಿಂದ ಬಂದ ಮುಖ್ಯ ಅತಿಥಿಗಳು ಮರುಗುತ್ತಾರೆ. ಮುಂದಿನ ಸಾಲಿನ ಹಿರಿಯರು ತಲೆದೂಗುತ್ತಾರೆ. ಹಿಂದಿನ ಸಾಲಿನ ಮಕ್ಕಳು ತಲೆ ತಗ್ಗಿಸುತ್ತಾರೆ. ಹಾರ, ಶಾಲು, ಫಲತಾಂಬೂಲ, ವಂದನಾರ್ಪಣೆ. ಮರುದಿನದಿಂದ ಆ ಮಕ್ಕಳು ಅಜ್ಜಿಯೊಡನೆ ಆಡುತ್ತಿದ್ದ ನಾಲ್ಕು ಮಾತಿಗೂ ಹಿಂಜರಿಯುತ್ತಾರೆ.

ಈ ಗೋಳನ್ನು ನಾವು ಒಪ್ಪುವುದಿಲ್ಲ. ಒಂದು ಭಾಷೆ ಕೆಟ್ಟಿದೆ ಎಂದು ತೀರ್ಪು ಕೊಡುವ ಮೊದಲು ಅದಕ್ಕೆ ಏನಾಗಿದೆ ಎಂದು ನೋಡಬೇಡವೇ? ನೋಡುವುದಕ್ಕೆ ಭಾಷಾವಿಜ್ಞಾನ ಎಂಬ ಶಾಸ್ತ್ರವೇ ಇದೆ. ನೋಡಿದ್ದನ್ನು ತಿಳಿದವರ ಮುಂದಿಟ್ಟು ಪ್ರಶ್ನೆ ಎದುರಿಸುವುದಕ್ಕೆ ಅದರ ಸಮ್ಮೇಳನಗಳಿವೆ. ಆ ಸಮ್ಮೇಳನಗಳಿಗೆ ಹೊರನಾಡ ಕನ್ನಡವನ್ನು ಕುರಿತ ಪ್ರಬಂಧಗಳು ನಮ್ಮ ಮನೆಗಳಿಂದಲೇ ಹೋಗಬೇಕು, ಅದಕ್ಕೆ ನಮ್ಮ ಸಂಘಗಳು ಜಾಗವನ್ನೂ ಹಣವನ್ನೂ ಕೊಡಬೇಕು ಎಂಬುದು ನಮ್ಮ ವಾದ. ಇದು ಪಂಡಿತರ ಉಸಾಬರಿ, ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿಯಲು ಬಂದವರಿಗೇಕೆ ಎನ್ನುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಮುಂಬಯಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ, ಸಾಂಗ್ಲಿ ಜಿಲ್ಲೆಯಲ್ಲಿ, ಕುಪ್‌ವಾಡ ಎಂಬ ಊರಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಕುರಿತು 1971ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಓದುತ್ತಾರೆ. ಅಲ್ಲಿನ ಜೈನರ, ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಜೊತೆಗೆ ಮರಾಠಿ, ಸ್ವಲ್ಪ ತೆಲುಗು. ಶತಮಾನಗಳ ಕಾಲ ಒಂದೇ ಬಾವಿಕಟ್ಟೆ, ಒಂದೇ ಸಂತೆ. ನಾವು ನೀವು "ಇದು ನಿಮ್ಮ ಮನೆ" ಎಂದು ಹೇಳಿ ಸುಮ್ಮನಾಗುತ್ತೇವೆ. ಕನ್ನಡದಲ್ಲಿ ಅಲ್ಲಿ ಕ್ರಿಯಾಪದ ಬೇಕಿಲ್ಲ. ಕುಪ್‌ವಾಡದ ಕನ್ನಡಿಗನಾದರೋ ಮರಾಠಿಯ 'ಆಹೇ'ಗೆ ಸರಿಯಾಗಿ ಕೊನೆಯಲ್ಲೊಂದು 'ಐತಿ' ಸೇರಿಸುತ್ತಾನೆ. ಕೆಟ್ಟ ಕನ್ನಡ ಎನ್ನಬೇಕೆಂದು ನಾಲಿಗೆ ತುರಿಸುತ್ತದೆ, ಅಲ್ಲವೇ? ಆದರೆ ಅದೇ ಊರಿನ ಮರಾಠಿಯನ್ನೂ ನೋಡಿ. ಶಿಷ್ಟ ಮರಾಠಿಯಲ್ಲಿ ಗೋಡೆಗೂ ಬಾಗಿಲಿಗೂ ಬೇರೆ ಬೇರೆ ಲಿಂಗ. ಅದನ್ನು ಕಲಿಯಲು ನಮ್ಮವರು ಪಡುವ ಪಾಡು ಯಾರಿಗೆ ಗೊತ್ತಿಲ್ಲ! ಕುಪ್‌ವಾಡದ ಮರಾಠಿ ಆ ಗೋಜನ್ನೇ ಬಿಟ್ಟು, ಕನ್ನಡದಂತೆ, ಮನುಷ್ಯರಲ್ಲದ್ದನ್ನೆಲ್ಲ ನಪುಂಸಕಲಿಂಗಕ್ಕೆ ತಳ್ಳಿಬಿಟ್ಟಿತು. ಈಗ ಹೇಳಿ, ಯಾರ ಭಾಷೆಯನ್ನು ಯಾರು ಕೆಡಿಸಿದರು? ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿಯವರು ನಾಲ್ಕು ದಶಕಗಳ ನಂತರ ಅದೇ ಊರಿನ ಮಾತನ್ನು ಮತ್ತೆ ಪರೀಕ್ಷಿಸಿ, ಹಳೆಯ ಪ್ರಬಂಧದ ನಿಲುವನ್ನೇ ಪ್ರಶ್ನಿಸಿ 2016ರಲ್ಲಿ ಬರೆದರು. ಶಾಸ್ತ್ರ ಬೆಳೆಯುವುದು ಹೀಗೆಯೇ.

ಒಂದು ಊರಿಗೆ ಎರಡು ಸಲ ವಿದ್ವಾಂಸರು ಹೋದರು, ಸಂತೋಷ. ಮಾಟುಂಗಾ, ವಡಾಲ, ಡೊಂಬಿವಲಿಗಳ ನಮ್ಮ ಮನೆಗಳಲ್ಲಿ ಇರುವುದು ಇನ್ನೂ ತೊಡಕಿನ ಸಂಗತಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಧಾರವಾಡದ ಕನ್ನಡವೋ, ಸಂಘದಲ್ಲಿ ಪುಸ್ತಕದ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ರೈಲು ಹತ್ತಿದರೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇಷ್ಟರ ನಡುವೆ ಆರು ವರ್ಷದ ಮಗು ವಾಕ್ಯ ಕಟ್ಟುತ್ತದೆ. "ನಾಳೆ ಬರ್ತೇನೆ ಅಂತ ಹೇಳಿದ" ಎನ್ನುವುದು ನಮ್ಮ ತಲೆಮಾರಿನ ಜಾಯಮಾನ. ಮಗು ಹೇಳುತ್ತದೆ: "ಅವ ಹೇಳಿದ ಕಿ ನಾಳೆ ಬರ್ತೇನೆ." ಇನ್ನೊಂದು ಮಗು ಎರಡನ್ನೂ ಕೈಬಿಡದೆ, "ಹೇಳಿದ ಕಿ ನಾಳೆ ಬರ್ತೇನೆ ಅಂತ" ಎನ್ನುತ್ತದೆ. ಬಾಯಿಗೆ ಬಂದಂತೆ ಹೇಳಿದ್ದೋ, ಅಥವಾ ಇದಕ್ಕೊಂದು ನಿಯಮವಿದೆಯೋ? ಯಾವ ಕ್ರಿಯಾಪದದ ಮುಂದೆ 'ಕಿ' ಬರುತ್ತದೆ, ಯಾವುದರ ಮುಂದೆ ಬರುವುದಿಲ್ಲ? ಅಕ್ಕನಿಗೂ ತಮ್ಮನಿಗೂ ವ್ಯತ್ಯಾಸವಿದೆಯೇ? ಹತ್ತು ಮನೆಗಳಲ್ಲಿ ಕುಳಿತು ಕೇಳಿಸಿಕೊಂಡರೆ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಕು.

ಅಥವಾ 'ನಾವು' ಎಂಬ ಈ ಪದವನ್ನೇ ತೆಗೆದುಕೊಳ್ಳಿ. ಕನ್ನಡದ 'ನಾವು' ಕೇಳುವವರನ್ನೂ ಸೇರಿಸಿಕೊಂಡಿತೋ ಹೊರಗಿಟ್ಟಿತೋ ತಿಳಿಯುವುದಿಲ್ಲ. (ಸಂಘದ ಚುನಾವಣೆಯ ಕಾಲದಲ್ಲಿ ಇದು ಬಹಳ ಅನುಕೂಲ!) ಮರಾಠಿಯಲ್ಲಿ 'ಆಮ್ಹೀ' ಬೇರೆ, 'ಆಪಣ' ಬೇರೆ, ತುಳುವಿನಲ್ಲಿ 'ಎಂಕುಳು' ಬೇರೆ, 'ನಮ' ಬೇರೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಆಡುವ ಮುಂಬಯಿಯ ಹುಡುಗಿ ಕನ್ನಡ ಆಡುವಾಗ ಈ ಭೇದವನ್ನು ಹೇಗಾದರೂ ಉಳಿಸಿಕೊಳ್ಳುತ್ತಾಳೋ, ಅಥವಾ ಬಿಟ್ಟುಬಿಡುತ್ತಾಳೋ? ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಬಿಡಿಸಲಾಗದು.

ಇನ್ನು ವಿದ್ವಾಂಸರ ಕಡೆಗೂ ಒಂದು ಮಾತು. ವ್ಯಾಕರಣದ ಪ್ರಬಂಧಗಳಲ್ಲಿ ಒಂದು ಪದ್ಧತಿ ಇದೆ. ಭಾಷೆಯಲ್ಲಿ ಸಲ್ಲದ ವಾಕ್ಯದ ಮುಂದೆ ಒಂದು ಪುಟ್ಟ ನಕ್ಷತ್ರ ಹಾಕುತ್ತಾರೆ. ಹೀಗೆ ಯಾರೂ ಆಡುವುದಿಲ್ಲ ಎಂದು ಅದರ ಅರ್ಥ. ಪದ್ಧತಿ ಒಳ್ಳೆಯದೇ. ಆದರೆ ಆಡುವುದಿಲ್ಲ ಎಂದು ಹೇಳಿದವರು ಯಾರು? ಎಷ್ಟೋ ಸಲ ಪ್ರಬಂಧಕಾರರೇ, ತಮ್ಮ ಮನೆಯ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು. ಅಂಥ ನಕ್ಷತ್ರ ಬೀಳಬಹುದಾದ ವಾಕ್ಯಗಳನ್ನು ನಮ್ಮ ಮಕ್ಕಳು ದಿನವೂ ಆಡುತ್ತಾರೆ, ನಾವು ಅರ್ಥಮಾಡಿಕೊಳ್ಳುತ್ತೇವೆ, ಚಹಾ ಬೇಕಾದವರಿಗೆ ಚಹಾ ಸಿಗುತ್ತದೆ. "ಕನ್ನಡದಲ್ಲಿ ಹೀಗೆ" ಎಂದು ಒಂದೇ ಉಸಿರಿನಲ್ಲಿ ಬರೆಯುವವರು ಯಾವ ಊರಿನ, ಯಾವ ಮನೆಯ ಕನ್ನಡ ಎಂದು ಮೊದಲ ಸಾಲಿನಲ್ಲೇ ಹೇಳಬೇಕು. ಇದೇನು ಹೊಸ ಬೇಡಿಕೆಯಲ್ಲ. ಜಾತಿಯಿಂದ ಜಾತಿಗೆ ಕನ್ನಡದ ಮಾತು ಹೇಗೆ ಬದಲಾಗುತ್ತದೆ ಎಂದು ವಿಲಿಯಂ ಬ್ರೈಟ್ 1960ರಲ್ಲೇ ತೋರಿಸಿದ್ದರು. ಅವರೂ, ಮೈಸೂರಿನಲ್ಲಿ ಹುಟ್ಟಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತ ಎ. ಕೆ. ರಾಮಾನುಜನ್ನರೂ ಕೂಡಿ ತಮಿಳು, ತುಳುಗಳ ಜಾತಿಭೇದದ ಮಾತನ್ನು 1962ರ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಮಹಾಸಮ್ಮೇಳನದ ಮುಂದಿಟ್ಟರು. ಬರಹದ ಬಳಕೆ ಹೆಚ್ಚಿಲ್ಲದ ತುಳು ಅಂದು ಅಮೆರಿಕದ ಸಭೆಯಲ್ಲಿ ಸಾಕ್ಷಿ ನುಡಿಯಿತು. ಡೊಂಬಿವಲಿಯ ಕನ್ನಡಕ್ಕೆ ಆ ಯೋಗ್ಯತೆ ಇಲ್ಲವೇ?

ಚಿಕ್ಕ ಮಕ್ಕಳ ಮಾತಿಗೇನು ಬೆಲೆ ಎನ್ನುವವರಿಗೂ ಉತ್ತರವಿದೆ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು ಮೂರು ವರ್ಷದ ಕನ್ನಡ ಮಕ್ಕಳ ಮುಂದೆ ಆಟಿಕೆಯ ಪ್ರಾಣಿಗಳನ್ನಿಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. 'ಓಡು' ಎಂಬುದನ್ನು 'ಓಡಿಸು' ಮಾಡುವ ನಮ್ಮ 'ಇಸು' ಪ್ರತ್ಯಯವನ್ನು ಆ ಮಕ್ಕಳು ಅಷ್ಟಾಗಿ ನೆಚ್ಚಲಿಲ್ಲ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿದರು. ಮಗು ಭಾಷೆಯನ್ನು ಕಲಿಯುವ ಬಗೆಯ ಮೇಲೆ ನಡೆಯುತ್ತಿದ್ದ ದೊಡ್ಡ ವಾದದಲ್ಲಿ 2003ರಲ್ಲಿ ಪ್ರಕಟವಾದ ಈ ಪುರಾವೆಗೆ ತೂಕವಿದೆ.

ಸಮ್ಮೇಳನಕ್ಕೆ ಪ್ರಬಂಧ ಕಳಿಸುವುದು ಬ್ರಹ್ಮವಿದ್ಯೆಯೂ ಅಲ್ಲ. ಕರೆ ಬಂದಾಗ ಪೂರ್ತಿ ಪ್ರಬಂಧ ಬೇಡ, ಒಂದೆರಡು ಪುಟಗಳ ಸಾರಲೇಖ ಸಾಕು. ಪ್ರಶ್ನೆ ಏನು, ಮಾತು ಸಂಗ್ರಹಿಸಿದ್ದು ಎಲ್ಲಿ, ಯಾರಿಂದ, ಕಂಡದ್ದೇನು, ಅದರಿಂದ ತಿಳಿದುದೇನು: ಇಷ್ಟು ಅದರಲ್ಲಿರಬೇಕು. ಉದಾಹರಣೆಗಳನ್ನು ಮೂರು ಸಾಲಿನಲ್ಲಿ ಕೊಡುತ್ತಾರೆ. "ನನಗೆ ಕಂಟಾಳ ಬಂತು" ಎಂಬುದು ಮೊದಲ ಸಾಲು. ಅದರ ಕೆಳಗೆ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಬಿಡಿಸಿದ ಅರ್ಥ. ಮೂರನೆಯದು ಇಡೀ ವಾಕ್ಯದ ಅರ್ಥ. ಬಿಡಿಸಿ ನೋಡಿದಾಗಲೇ ಸ್ವಾರಸ್ಯ ತಿಳಿಯುವುದು. 'ಕಂಟಾಳ' ಮರಾಠಿಯದು, ಆದರೆ 'ನನಗೆ... ಬಂತು' ಎಂಬ ಚೌಕಟ್ಟು ಎರಡೂ ಭಾಷೆಗಳಲ್ಲಿ ಒಂದೇ. ಅದಕ್ಕೇ ಪರಕೀಯ ಪದ 'ಬೇಸರ'ದ ಪೀಠದಲ್ಲಿ ಸಲೀಸಾಗಿ ಬಂದು ಕುಳಿತಿತು. ಅನೇಕ ಸಮ್ಮೇಳನಗಳಲ್ಲಿ ಸಾರಲೇಖದ ಮೇಲೆ ಬರೆದವರ ಹೆಸರೇ ಇರಕೂಡದು. ಪರೀಕ್ಷಿಸುವವರಿಗೆ ನೀವು ಪ್ರಾಧ್ಯಾಪಕರ ಮಗನೋ, ಕ್ಯಾಂಟೀನಿನವರ ಮಗಳೋ ತಿಳಿಯುವುದಿಲ್ಲ. ನಮ್ಮ ಸಾಹಿತ್ಯ ಸ್ಪರ್ಧೆಗಳಿಗೂ ಈ ನಿಯಮ ಬಂದರೆ ಎಷ್ಟು ಚೆನ್ನ!

ವೇದಿಕೆಗಳೂ ದೂರವಿಲ್ಲ. 1928ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಭಾರತೀಯ ಭಾಷಾವಿಜ್ಞಾನ ಸಂಘ ನಂತರ ನೆಲೆಯೂರಿದ್ದು ಪುಣೆಯಲ್ಲಿ. ದ್ರಾವಿಡ ಭಾಷಾವಿಜ್ಞಾನಿಗಳ ಸಂಘ 1971ರಲ್ಲಿ ಕೇರಳದಲ್ಲಿ ಆರಂಭವಾಯಿತು; ಅದರ ಅಖಿಲ ಭಾರತ ಸಮ್ಮೇಳನಗಳು ಬೇರೆ ಬೇರೆ ಊರುಗಳಲ್ಲಿ ನಡೆದಿವೆ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇದೆ. ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ಭಾಷಾವಿಜ್ಞಾನ ಕಲಿಸುವ ವಿಭಾಗಗಳಿವೆ, ಅಲ್ಲೆಲ್ಲ ನಮ್ಮ ಸಂಘಗಳೂ ಇವೆ.

ಹುಷಾರಾಗಿರಬೇಕಾದ ಒಂದು ಕಡೆ ಉಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಗಳು ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದವು. ಪ್ರಬಂಧ ಮಂಡನೆಗೂ ಅಂಕ ಬಂತು. ಅಂಕವಿದ್ದಲ್ಲಿ ಅಂಗಡಿ ತೆರೆಯದೆ ಇರುತ್ತದೆಯೇ? ಶುಲ್ಕ ಕಟ್ಟಿದ ಕೂಡಲೇ ಸ್ವೀಕಾರ, ಐದು ನಿಮಿಷದ ವಾಚನ, ಪ್ರಶ್ನೆಯಿಲ್ಲ, ಊಟ, ಪ್ರಮಾಣಪತ್ರ. ಅಂಥ ಕಡೆ ನಮ್ಮ ಮಕ್ಕಳ ಕಾಸೂ ಹೋಗಬಾರದು, ನಮ್ಮ ಮಾತೂ ಹೋಗಬಾರದು. ಸಾರಲೇಖವನ್ನು ತಿರಸ್ಕರಿಸುವ ಧೈರ್ಯವಿಲ್ಲದ ಸಮ್ಮೇಳನದ ಒಪ್ಪಿಗೆಗೆ ಬೆಲೆಯಿಲ್ಲ.

"ಭಾಷಾವಿಜ್ಞಾನ ಓದಿದರೆ ನೌಕರಿ ಎಲ್ಲಿದೆ?" ಎಂದು ತಂದೆತಾಯಿಗಳು ಕೇಳುವುದು ನ್ಯಾಯವೇ. ಎಲ್ಲ ಮಕ್ಕಳೂ ಓದಲಿ ಎಂದು ನಾವು ಹೇಳುತ್ತಿಲ್ಲ. ನೂರು ಮನೆಗೆ ಒಬ್ಬ ಹುಡುಗಿ ಆ ಕಡೆ ಹೊರಟರೆ ತಡೆಯಬೇಡಿ ಎನ್ನುತ್ತೇವೆ. ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ ನಡೆದಿರುವ ಈ ಕಾಲದಲ್ಲಿ ಅವಳು ಉಪವಾಸ ಬೀಳಲಾರಳು.

ನಮ್ಮ ಅವಸರಕ್ಕೆ ಕಾರಣ ಬೇರೆ. 2011ರ ಜನಗಣತಿ ದೇಶದಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ ಎಂದಿತು. ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ, ಸೊಲ್ಲಾಪುರ, ಸಾಂಗ್ಲಿಗಳ ಮೂಲನಿವಾಸಿಗಳನ್ನೂ ಸೇರಿಸಿ. ಗಣತಿಯವರು ಕೇಳುವುದು ಭಾಷೆಯ ಹೆಸರನ್ನು. ಮೊಮ್ಮಗ ಅಜ್ಜನಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾನೆ ಎಂಬುದನ್ನಲ್ಲ. ಸಣ್ಣ ಪ್ರಾಯದಲ್ಲಿ ಬಂದು, ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಒಬ್ಬೊಬ್ಬರಾಗಿ ಹೊರಡುತ್ತಿದೆ. ಅವರು ಕಟ್ಟಿಕೊಂಡ ಮುಂಬಯಿ ಕನ್ನಡ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ, ಯಾವ ಊರಿಗೆ ಹೋದರೂ ಕೇಳಸಿಗುವುದಿಲ್ಲ.

ಗೋಳಿನ ಭಾಷಣಗಳಿಂದಾದ ನಷ್ಟ ಇಲ್ಲಿಯೂ ಕಾಣುತ್ತದೆ. ನಮ್ಮ ಪರಿಚಯದ ವಿದ್ಯಾರ್ಥಿನಿಯೊಬ್ಬಳು ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಲು ಹೋಗಿದ್ದಳು. ಅಡುಗೆಮನೆಯಲ್ಲಿ ಹರಟುತ್ತಿದ್ದ ಆ ತಾಯಿ, ಫೋನು ಮೇಜಿನ ಮೇಲೆ ಬಂದದ್ದೇ ತಡ, ಸೆರಗು ಸರಿಮಾಡಿಕೊಂಡು ಆಕಾಶವಾಣಿಯ ವಾರ್ತೆಯಂತೆ ಮಾತನಾಡತೊಡಗಿದರು. "ನಮ್ಮ ಹಲ್ಕಾ ಕನ್ನಡ ಹಿಡ್ಕೊಂಡು ಏನ್ ಮಾಡ್ತೀಯವ್ವಾ" ಎಂದರಂತೆ. ಕೇಳುವವರಿದ್ದಾರೆ ಎಂದು ತಿಳಿದಾಗ ಮಾತು ಬದಲಾಗುವ ಈ ಕಷ್ಟವನ್ನು ಅಮೆರಿಕದ ವಿಲಿಯಂ ಲಬೋವ್ ವಿವರಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಐವತ್ತು ವರ್ಷಗಳ ನಾಚಿಕೆಯೂ ಸೇರಿದೆ.

ಆದ್ದರಿಂದ ಕೆಲಸ ಸಂಘದೊಳಗೇ ಆಗಬೇಕು. ಮಾತು ಕೊಡಲು ಒಪ್ಪುವ ಮನೆಗಳ ಪಟ್ಟಿ ಸಂಘದಲ್ಲಿರಲಿ. ಒಪ್ಪದವರನ್ನು ಯಾರೂ ಪೀಡಿಸದಿರಲಿ. ಮುದ್ರಿಸಿದ್ದರ, ಬರೆದದ್ದರ ಒಂದೊಂದು ಪ್ರತಿ ನಮ್ಮ ಗ್ರಂಥಾಲಯಕ್ಕೆ ಬರಲಿ. ಪ್ರಬಂಧ ಸ್ವೀಕೃತವಾದ ವಿದ್ಯಾರ್ಥಿಗೆ ರೈಲು ಖರ್ಚು ಕೊಡಲು ನಾಲ್ಕು ಶಾಲು ಕಡಿಮೆ ಕೊಂಡರೆ ಸಾಕು. ಸಮ್ಮೇಳನದಲ್ಲಿ ಇಂಗ್ಲಿಷಿನಲ್ಲೇ ಓದಬೇಕಾದೀತು, ಮಾತು ಕೊಟ್ಟವರಿಗೆ ಏನು ತಿಳಿದೀತು ಎಂದು ಕೇಳಿದರೆ, ಮೊದಲ ವಾಚನ ಇಲ್ಲೇ ನಡೆಯಲಿ, ಕನ್ನಡದಲ್ಲಿ. "ಹಾಗಲ್ಲಮ್ಮಾ, ನಾವು ಹಾಗೆ ಹೇಳುವುದಿಲ್ಲ" ಎಂದು ಎದ್ದು ನಿಂತು ಹೇಳುವ ಅಧಿಕಾರ ಅಜ್ಜಿಯಂದಿರಿಗಿರಲಿ. ವಾರ್ಷಿಕೋತ್ಸವದ ದಿನ ಊಟವಾದ ಮೇಲೆ ಸಂಜೆಯ ಯಕ್ಷಗಾನದವರೆಗೆ ಸಭಾಂಗಣ ಹೇಗೂ ಖಾಲಿಯೇ ಇರುತ್ತದೆ.