ಬೇಡ ಅಂದು ಗೆದ್ದೆವು, ಬೇಕು ಅಂದು ಸೋಲುವುದೇಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಒಗ್ಗಟ್ಟಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ನಮ್ಮ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ. 1981ರಲ್ಲಿ ಶಿರಸಿಯಲ್ಲೇ ವಿಜ್ಞಾನಿಗಳನ್ನು ಕೂರಿಸಿ, ಮುಳುಗುವ ಕಾಡು, ತೋಟದ ಬೆಲೆ ಎಷ್ಟು ಅಂತ ಲೆಕ್ಕ ಕೇಳಿದರು. 1923ರಲ್ಲಿ ತಾವೇ ಕಟ್ಟಿಕೊಂಡಿದ್ದ ಟಿಎಸ್‌ಎಸ್ ಬೆನ್ನಿಗಿತ್ತು. ಲೆಕ್ಕಕ್ಕೆ ಉತ್ತರ ಸಿಗಲಿಲ್ಲ, ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯವರು ಕಾಡಿಗೇ ನಡೆದು ಮರ ಅಪ್ಪಿಕೊಂಡರು. ಅದೇ ಅಪ್ಪಿಕೋ.

ಈಗ ಆಸ್ಪತ್ರೆ ವಿಷಯಕ್ಕೆ ಬನ್ನಿ. 2019ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬಾ ಕೂಗಿದೆವು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಮತ್ತೆ ಕೂಗಿದೆವು. ಆಮೇಲೆ? ಡಿಪಿ ಬದಲಾಯಿತು, ಅಷ್ಟೇ. ಎದೆನೋವು ಬಂದರೆ ಶಿರಸಿಯವರು ಇವತ್ತಿಗೂ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಗಾಡಿ ಹತ್ತುತ್ತಾರೆ.

ರಾಜಕಾರಣಿಗಳನ್ನು ಬೈಯುವುದು ಸುಲಭ. (ಬೈಯಿರಿ, ತಪ್ಪಿಲ್ಲ.) ಆದರೆ ಅವರು ಭರವಸೆ ಕೊಟ್ಟ ದಿನ ಚಪ್ಪಾಳೆ ತಟ್ಟಿದವರು ನಾವೇ. ಜಾಗ ಎಲ್ಲಿ, ದುಡ್ಡು ಯಾವ ಬಜೆಟ್ಟಿನದು, ಹೃದ್ರೋಗ ತಜ್ಞರ ಹುದ್ದೆ ಮಂಜೂರಾಗಿದೆಯೇ ಅಂತ ಕೇಳಿದವರೆಷ್ಟು? ಗೋಡೆ ಎದ್ದರೆ ಸಾಲದು, ಡಾಕ್ಟರಿಲ್ಲದ ಕಟ್ಟಡ ಗೋದಾಮಿಗೆ ಸಮ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಮೂರೂ ತಾಲೂಕಿನ ಪ್ರತಿ ಪಂಚಾಯತಿಯಿಂದ ಒಂದೊಂದು ಅರ್ಜಿ ಹೋಗಲಿ. ಬಂದ ಉತ್ತರವನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಶಾಸಕರ ಎದುರೇ.