ವಿಎಸ್ ಕೋಡೋ ವಿಮ್ಮೋ ಆಮೇಲೆ, ಮೊದಲು ‘ಕ್ಷ’ ಬರೆದು ನೋಡಿ

ನಮ್ಮ ಗಡಿ ತಾಲೂಕುಗಳ ಹುಡುಗ ಹುಡುಗಿಯರು ಕೋಡ್ ಬರೆಯಲು ಕೂತಿದ್ದಾರೆ. ಸಂತೋಷ. ಆದರೆ ಯಾವ ಎಡಿಟರ್, ಯಾಕೆ ಅಂತ ಕೇಳಿ ನೋಡಿ. “ಎಲ್ರೂ ವಿಎಸ್ ಕೋಡ್ ಹಾಕ್ಕೊಂಡಿದ್ದಾರೆ, ನಾವೂ ಹಾಕ್ಕೊಂಡ್ವಿ” ಅಂತಾರೆ. ವಿಮ್ ಕಲಿತ ನಾಲ್ಕು ಜನ ಮೌಸ್ ಹಿಡಿಯುವವರನ್ನು ಕಂಡರೆ ಮೂಗು ಮುರೀತಾರೆ. ಈ ಗಲಾಟೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಅದರಲ್ಲಿ ಕನ್ನಡ ನೆಟ್ಟಗೆ ಬರುತ್ತಾ?

“ಕೋಡ್ ಇರೋದೇ ಇಂಗ್ಲಿಷಲ್ಲಿ, ಕನ್ನಡ ಯಾಕೆ?” ಅನ್ನುವವರಿಗೆ ನಮ್ಮ ಮರುಪ್ರಶ್ನೆ. ಕಾಸರಗೋಡಿನ ಊರ ಹೆಸರುಗಳನ್ನು ಕನ್ನಡದಲ್ಲಿ ತೋರಿಸುವ ಆಪ್ ಯಾರು ಮಾಡಬೇಕು? ಅಕ್ಕಲಕೋಟೆಯ ಕನ್ನಡ ಶಾಲೆಯ ಹಾಜರಾತಿಗೆ ತಂತ್ರಾಂಶ ಯಾರು ಬರೀಬೇಕು? ಬೆಂಗಳೂರಿನಿಂದ ಬಂದು ಬರೆದುಕೊಡ್ತಾರಾ? ನಾವೇ ಬರೀಬೇಕು. ಬರೆಯುವಾಗ ಮಗುವಿನ ಹೆಸರು ಒಂದೇ ಫೈಲಿನಲ್ಲಿ ಕನ್ನಡದಲ್ಲೂ ಇರುತ್ತೆ, ಮರಾಠಿಯಲ್ಲೂ ಇರುತ್ತೆ.

ಅಲ್ಲಿಂದಲೇ ತಕರಾರು ಶುರು. ‘ಕ್ಷ’ ನಮಗೆ ಒಂದಕ್ಷರ. ಯೂನಿಕೋಡಿಗೆ ಅದು ಮೂರು: ಕ, ಹಲಂತದ ಚಿಹ್ನೆ, ಷ. ಯುಟಿಎಫ್-8ರಲ್ಲಿ 9 ಬೈಟ್. ಫೈರಾ ಕೋಡ್, ಜೆಟ್‌ಬ್ರೈನ್ಸ್ ಮೋನೊದಂಥ ಕೋಡಿಂಗ್ ಫಾಂಟುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಎಡಿಟರ್ ಬೇರೆ ಫಾಂಟಿನಿಂದ ಸಾಲ ತರುತ್ತೆ. ವಿಎಸ್ ಕೋಡಿನಲ್ಲಿ ಫಾಂಟಿನ ಸೆಟ್ಟಿಂಗಿಗೆ ಹೋಗಿ ಎರಡನೇ ಹೆಸರಾಗಿ ನೋಟೊ ಸ್ಯಾನ್ಸ್ ಕನ್ನಡ ಸೇರಿಸಿ, ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿ. ಒತ್ತಕ್ಷರಕ್ಕೆ ಉಸಿರಾಡಲು ಜಾಗ ಸಿಗುತ್ತೆ. ವಿಮ್ ಟರ್ಮಿನಲ್ಲಿನೊಳಗೆ ಓಡುವಾಗ ಅಕ್ಷರ ಮೂಡಿಸೋದು ಟರ್ಮಿನಲ್ಲು. ಅನೇಕ ಟರ್ಮಿನಲ್ಲುಗಳು ಒತ್ತಕ್ಷರವನ್ನು ಒಡೆದು ಹಾಕುತ್ತವೆ. ಅದಕ್ಕೆ ವಿಮ್ಮನ್ನು ಬೈದು ಲಾಭವಿಲ್ಲ.

ಆದರೆ ಅದೇ ವಿಮ್ ಆದೋನಿ, ರಾಯದುರ್ಗದ ಕಡೆಯವರಿಗೆ ದೊಡ್ಡ ಉಪಕಾರ ಮಾಡುತ್ತೆ. ಕನ್ನಡದ ‘ಲ’, ತೆಲುಗಿನ ‘ಲ’ ತೆರೆಯ ಮೇಲೆ ಅವಳಿ ಮಕ್ಕಳು. ಯೂನಿಕೋಡಿನಲ್ಲಿ ಒಂದರ ಸಂಖ್ಯೆ 3250, ಇನ್ನೊಂದರದು 3122. ಕೀಬೋರ್ಡ್ ಬದಲಿಸಲು ಮರೆತು ಒಂದಕ್ಷರ ತೆಲುಗಿನದು ಸೇರಿದರೆ, ಹುಡುಕಿದಾಗ ಆ ಹೆಸರು ಸಿಗೋದೇ ಇಲ್ಲ! ಕಣ್ಣಿಗೆ ಎಲ್ಲ ಸರಿ, ಪಟ್ಟಿಯಲ್ಲಿ ಮಾತ್ರ ಆ ಮನುಷ್ಯನೇ ಮಾಯ. ವಿಮ್‌ನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟು ‘ಜಿ’, ‘ಎ’ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ, ಸಂಖ್ಯೆ ತೋರಿಸುತ್ತೆ. ಮತದಾರರ ಪಟ್ಟಿ, ಪಡಿತರ ಚೀಟಿಯಲ್ಲಿ ಹೆಸರು ಕೆಡುವ ನೋವು ಗೊತ್ತಿರುವ ನಮಗೆ ಇದು ಸಣ್ಣ ವಿಷಯವಲ್ಲ.

ಈಮ್ಯಾಕ್ಸ್ ಹಳೇ ಕಾಲದ್ದು ಅಂತ ನಗಬೇಡಿ. ಗ್ನೂ ಈಮ್ಯಾಕ್ಸ್ ಹೊರಬಂದಿದ್ದು 1985ರಲ್ಲಿ, ನಿಜ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಅದರ ಹೊಟ್ಟೆಯೊಳಗೇ ಇದೆ, ಬೇರೇನೂ ಹಾಕಬೇಕಿಲ್ಲ. ಲೋಕದ ಭಾಷೆಗಳಲ್ಲಿ ನಮಸ್ಕಾರ ಹೇಳುವ ಅದರ ‘ಹಲೋ’ ಫೈಲಿನಲ್ಲಿ ಕನ್ನಡವೂ ಇದೆ. ಕಲಿಯೋದು ಕಷ್ಟ, ಅದನ್ನು ಮುಚ್ಚಿಡಲ್ಲ. ಹೊಸಬರು ವಿಎಸ್ ಕೋಡ್, ಇಲ್ಲವೇ ಅದರದೇ ಮುಕ್ತ ಆಕರದಿಂದ ಕಟ್ಟಿದ ವಿಎಸ್‌ಕೋಡಿಯಂ ಹಿಡಿದರೆ ಸಾಕು.

ಹಿಡಿದದ್ದನ್ನು ಕಟ್ಟಿಕೊಂಡ ಹೆಂಡತಿ ಅನ್ನಬೇಡಿ. ಆಟಮ್ ನೆನಪಿದೆಯಾ? ಲಕ್ಷಾಂತರ ಜನ ಬಳಸುತ್ತಿದ್ದ ಎಡಿಟರು. ಗಿಟ್‌ಹಬ್ 2022ರ ಡಿಸೆಂಬರ್ 15ಕ್ಕೆ ಬಾಗಿಲು ಹಾಕಿತು. ನಿಮ್ಮ ಸೆಟ್ಟಿಂಗು, ಸ್ನಿಪೆಟ್ಟು ಎಲ್ಲ ಸಾದಾ ಫೈಲುಗಳಲ್ಲಿ ನಿಮ್ಮ ಕೈಯಲ್ಲಿರಲಿ.

ಇನ್ನು ವಿಸ್ತರಣೆ. ಬಣ್ಣದ ಥೀಮ್ ಇಪ್ಪತ್ತು ಹಾಕ್ತೀರಿ, ಕನ್ನಡದ ಒಂದು ಸ್ನಿಪೆಟ್ ಹಾಕಲ್ಲ! ಸ್ನಿಪೆಟ್ ಅಂದ್ರೆ ಒಂದು ಜೇಸನ್ ಫೈಲಿನಲ್ಲಿ ನಾಲ್ಕು ಸಾಲು. ಎರಡಕ್ಷರ ಒತ್ತಿದರೆ ಹತ್ತು ಕನ್ನಡ ಹೆಸರಿನ ಪರೀಕ್ಷಾ ಪಟ್ಟಿ ಬರುವಂತೆ ಮಾಡಿ. ಅದರಲ್ಲಿ ಕ್ಷ, ಜ್ಞ, ಸ್ತ್ರೀ, ರ್ಯ ಇರಲಿ. ಟಿಪ್ಪಣಿಯನ್ನು ಕಂಗ್ಲಿಷಿನಲ್ಲಿ ಗೀಚೋದು ಬಿಟ್ಟು ಕನ್ನಡದಲ್ಲೇ ಬರೀರಿ. ಪೈಥಾನ್ 3 ಏನೂ ತಕರಾರು ಮಾಡಲ್ಲ, ವೇರಿಯಬಲ್ ಹೆಸರೂ ಕನ್ನಡದಲ್ಲಿರಬಹುದು.

ಇವತ್ತೇ ನಿಮ್ಮ ಎಡಿಟರ್ ತೆಗೆದು ಈ ನಾಲ್ಕನ್ನೂ ಬರೆದು, ನಿಮ್ಮೂರಿನ ಹೆಸರನ್ನೂ ಸೇರಿಸಿ. ಎಲ್ಲಿ ಒಡೆಯಿತು ಅಂತ ಚಿತ್ರ ಸಮೇತ ನಮಗೆ ಕಳಿಸಿ. ಆ ತಂತ್ರಾಂಶ ಕಟ್ಟುವವರಿಗೆ ದೂರು ಬರೆಯೋದನ್ನ ಒಟ್ಟಿಗೆ ಕೂತು ಮಾಡೋಣ.